ಕೊಟ್ಟಿಗೆಹಾರದ ಸಿಲ್ವರ್ ಓಕ್ ಪೆಟ್ಟಿಗೆ

ನಮ್ಮ ಮನೆಗೆ ಹೊಸದಾಗಿ ಬಂದವರು ಹಾಲ್‌ನ ಮೂಲೆಯ ಮೇಜು ನೋಡಿ ಮೊದಲು ಕೇಳುವುದು, "ಇದೆಂತ, ಇಷ್ಟು ಸಣ್ಣ ಇನ್ವರ್ಟರಾ?" ಎಂದು. ಕಪ್ಪು ಬಣ್ಣದ್ದೊಂದು ಪೆಟ್ಟಿಗೆ, ಬೆಳ್ಳಿ ಬಣ್ಣದ್ದೊಂದು, ಬೆಂಕಿಪೊಟ್ಟಣದಷ್ಟೇ ಇರುವುದು ಮತ್ತೊಂದು, ಅವುಗಳ ನಡುವೆ ಒಂದಕ್ಕೊಂದು ಸುತ್ತಿಕೊಂಡ ವೈರುಗಳು. ನಿಜ ಹೇಳಬೇಕೆಂದರೆ ನಾನು ಆ ಪ್ರಶ್ನೆಗೇ ಕಾದು ಕೂತಿರುತ್ತೇನೆ. ಪ್ರಶ್ನೆ ಬಿದ್ದ ಕೂಡಲೇ ನನ್ನ ಹೆಂಡತಿ ಸುಮಿತ್ರ, "ಅಯ್ಯೋ, ಕೇಳೇಬಿಟ್ರಾ!" ಎಂದು ಬಂದವರನ್ನು ಕನಿಕರದಿಂದ ನೋಡಿ ಅಡುಗೆಮನೆಗೆ ಹೋಗುತ್ತಾಳೆ. ಇನ್ನು ಒಂದು ಗಂಟೆ ಅವರು ಏಳುವ ಹಾಗಿಲ್ಲ ಎಂದು ಅವಳಿಗೆ ಗೊತ್ತು.

ನೀವೂ ಕೂತುಕೊಳ್ಳಿ, ತಪ್ಪಿಸಿಕೊಳ್ಳುವ ಹಾಗಿಲ್ಲ. ಮೊಬೈಲಿನೊಳಗೆ ಹಾಡು ಹಾಡಾಗಿ ಇರುವುದಿಲ್ಲ, ಬರೀ ಅಂಕಿಗಳಾಗಿ ಇರುತ್ತದೆ. ಆ ಅಂಕಿಗಳನ್ನು ಮತ್ತೆ ನಾದ ಮಾಡುವ ಪೆಟ್ಟಿಗೆಗೆ ಡ್ಯಾಕ್ ಎನ್ನುತ್ತಾರೆ. ಹಾಗೆ ಹುಟ್ಟಿದ ನಾದ ತೀರಾ ಬಡಕಲು. ಅದಕ್ಕೆ ಶಕ್ತಿ ತುಂಬಿ ಹೆಡ್‌ಫೋನಿನೊಳಗೆ ನೂಕುವುದು ಆಂಪ್ಲಿಫೈಯರ್. ನಮ್ಮ ಕಡೆಯವರಿಗೆ ನಾನು ಬೇರೆ ಥರ ಹೇಳುತ್ತೇನೆ. ಪಾರ್ಚ್‌ಮೆಂಟಿನ, ಅಂದರೆ ಸಿಪ್ಪೆ ಸುಲಿದು ಒಣಗಿಸಿದ ಕಾಫಿಯ, ಹೊಟ್ಟು ತೆಗೆದು ಒಳಗಿನ ಬೀಜವನ್ನು ಆಚೆಗೆ ತರುವ ಕೆಲಸ ಡ್ಯಾಕಿನದು, ಅದನ್ನು ಹುರಿದು ಘಮ ಬರಿಸುವುದು ಆಂಪಿನದು. ಇಷ್ಟು ಹೇಳಿದರೆ ನಮ್ಮ ಮೂಡಿಗೆರೆಯಲ್ಲಿ ಯಾರಿಗಾದರೂ ಅರ್ಥವಾಗುತ್ತದೆ. ಅರ್ಥವಾಗದಿದ್ದರೂ ತಲೆ ಅಲ್ಲಾಡಿಸುತ್ತಾರೆ, ಪಾಪ.

ಈ ಮಾತು ನನ್ನ ಬಾಯಲ್ಲಿ ಬರುವುದಕ್ಕೆ ಕಾರಣ ಇದೆ. ಕಾಫಿ ಬೀಜ ಹಸನು ಮಾಡುವ, ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೂವತ್ತೊಂದು ವರ್ಷ ಕಾಫಿ ರುಚಿ ನೋಡಿದವನು ನಾನು. ಮೇಜಿನ ಮೇಲೆ ಸಾಲಾಗಿ ಕಪ್ಪುಗಳು. ಯಾವ ಕಪ್ಪಿನಲ್ಲಿ ಯಾವ ತೋಟದ ಕಾಫಿ ಎಂದು ನಮಗೆ ಗೊತ್ತಿರುವುದಿಲ್ಲ, ಅಡಿಯಲ್ಲಿ ಬರೀ ನಂಬರು. ಚಮಚದಲ್ಲಿ ತೆಗೆದು ಸುರ್ರೆಂದು ಎಳೆದು, ಬಾಯಿ ತುಂಬ ಆಡಿಸಿ, ಪಕ್ಕದ ಡಬ್ಬಕ್ಕೆ ಉಗಿಯುವುದು. ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ತುಟಿಪಿಟಕ್ ಅನ್ನಬಾರದು. ಬಾಬಾಬುಡನ್‌ಗಿರಿಯ ನೆತ್ತಿಯ ಕಾಫಿಗೂ ಕಳಸದ ಕಡೆಯ ಕಾಫಿಗೂ ಇರುವ ವ್ಯತ್ಯಾಸವನ್ನು ನಾನು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಗೋಣಿ ಒದ್ದೆಯಾಗಿತ್ತೋ, ಕಣದಲ್ಲಿ ಒಂದು ದಿನ ತಡವಾಗಿ ಹರಡಿದರೋ, ಅದನ್ನೂ ಹೇಳುತ್ತಿದ್ದೆ. ಜಂಬ ಅಂದರೆ ಅನ್ನಿ, ಇದ್ದದ್ದನ್ನು ಇಲ್ಲ ಎನ್ನಲಾರೆ. ಈ ವೃತ್ತಿಯಿಂದ ಸಂಸಾರಕ್ಕೆ ಆದ ನಷ್ಟ ಒಂದೇ. ಮದುವೆಮನೆಯ ಪಂಕ್ತಿಯಲ್ಲಿ ಪಾಯಸ ಬಂದಾಗಲೂ ನಾನು ಸುರ್ರೆಂದು ಎಳೆದುಬಿಡುತ್ತೇನೆ, ಸುಮಿತ್ರ ತನಗೂ ನನಗೂ ಪರಿಚಯವೇ ಇಲ್ಲದವಳ ಹಾಗೆ ಆಚೆ ತಿರುಗುತ್ತಾಳೆ.

ಕಿವಿಯ ಹುಚ್ಚು ಹತ್ತಿದ್ದು ನಾಲಿಗೆಯದಕ್ಕಿಂತ ಮುಂಚೆ. ನನ್ನ ಅಪ್ಪ ಮಲ್ಲಂದೂರಿನ ಮೇಲಿನ ಒಂದು ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದರು. ಸಂಜೆ ಆ ದಿನದ ಕೆಲಸದ ವರದಿ ಒಪ್ಪಿಸಲು ಮಾಲೀಕರ ಬಂಗಲೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಅವರು ವೆರಾಂಡದಲ್ಲಿ ಕೈಕಟ್ಟಿ ನಿಂತಿರುವಷ್ಟು ಹೊತ್ತೂ ನಾನು ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ. ಕಿಟಕಿಯೊಳಗೆ ದೊಡ್ಡ ರೇಡಿಯೊ, ಅದರ ಮುಖ ಕೋಣೆಯ ಕಡೆಗೆ, ಬೆನ್ನು ನನ್ನ ಕಡೆಗೆ. ಹಾಗಾಗಿ ಬಾಲ್ಯದಲ್ಲಿ ನಾನು ಕೇಳಿದ್ದೆಲ್ಲ ರೇಡಿಯೊದ ಬೆನ್ನು. ಬಿಸಿಯಾದ ಧೂಳಿನ ವಾಸನೆ, ತೂತುಗಳ ರಟ್ಟಿನ ಹಿಂದೆ ಕೆಂಪಗೆ ಮಿಣುಕುವ ವಾಲ್ವುಗಳು, ಕಂಬಳಿ ಹೊದ್ದುಕೊಂಡು ಹಾಡಿದಂಥ ದನಿಗಳು. ಹಾಡು ಅಂದರೆ ಹಾಗೇ ಇರುತ್ತದೆ ಎಂದುಕೊಂಡಿದ್ದೆ. ಒಂದು ದಿನ ಬಂಗಲೆಯ ಅಮ್ಮಾವ್ರು ಕಿಟಕಿಯಲ್ಲಿ ನನ್ನ ತಲೆ ಕಂಡು, ಒಂದು ಮಾತೂ ಆಡದೆ ರೇಡಿಯೊವನ್ನು ಹಿಡಿದು ನನ್ನ ಕಡೆ ತಿರುಗಿಸಿಟ್ಟರು. ಪಿಟೀಲಿನ ಕಮಾನು ತಂತಿಗೆ ತಾಗುವ ಸಣ್ಣ ಗರಗರ ಆವತ್ತು ಮೊದಲ ಸಲ ಕೇಳಿಸಿತು. ನನಗೆ ಅಳುವೇ ಬಂದುಬಿಟ್ಟಿತು. ಅಪ್ಪ, ಇರುವೆ ಕಚ್ಚಿರಬೇಕು ಎಂದುಕೊಂಡು ಚಡ್ಡಿ ಕೊಡವಿದರು.

ಆ ಗರಗರವನ್ನು ಹುಡುಕಿಕೊಂಡೇ ನಿವೃತ್ತನಾದ ಮೇಲೆ ಒಳ್ಳೆಯದೊಂದು ಹೆಡ್‌ಫೋನ್ ತರಿಸಿದೆ. ಸ್ಪೀಕರ್ ಯಾಕಲ್ಲ ಎಂದರೆ, ಒಂದೇ ತುಣುಕನ್ನು ಐವತ್ತು ಸಲ ಕೇಳುವವನ ಜೊತೆ ಯಾವ ಹೆಂಡತಿಯೂ ಸಂಸಾರ ಮಾಡಲಾರಳು. ಹೆಡ್‌ಫೋನ್ ಬಂದ ಮೇಲೆ ಅದಕ್ಕೆ ಡ್ಯಾಕ್ ಬೇಕು ಎಂದರು. ಡ್ಯಾಕ್ ಬಂದ ಮೇಲೆ ಆಂಪ್ ಬೇಕು ಎಂದರು. ಆಂಪ್ ಬಂದ ಮೇಲೆ ಈ ಡ್ಯಾಕ್ ಆ ಆಂಪಿಗೆ ಸಾಲದು ಎಂದರು. ಯಾರು ಎಂದರು ಅಂತೀರಾ? ಯಾರೂ ಇಲ್ಲ, ನಾನೇ.

ಪೆಟ್ಟಿಗೆ ಬಂದ ಹಾಗೆಲ್ಲ ಹೋಲಿಸುವುದು, ಕಾಫಿಯ ಭಾಷೆಯಲ್ಲೇ ಬರೆದಿಡುವುದು. ಬೆಂಕಿಪೊಟ್ಟಣದ ಡ್ಯಾಕಿನ ಬಗ್ಗೆ, "ಹುಳಿ ಮುಂದು, ಮೈ ತೆಳು, ಕಿತ್ತಳೆ ಸಿಪ್ಪೆ" ಎಂದು ಬರೆದೆ. ಬೆಳ್ಳಿ ಬಣ್ಣದ್ದಕ್ಕೆ, "ದುಂಡು, ಸ್ವಲ್ಪ ಬೆಲ್ಲ, ಕೊನೆಗೆ ಚಾಕೊಲೇಟ್" ಎಂದು. ಒಂದು ವೀಣೆಯ ರೆಕಾರ್ಡಿಂಗ್ ಕೇಳಿ ಮುಗಿಸಿ, ಅಭ್ಯಾಸಬಲದಿಂದ ಉಗಿಯಲು ಡಬ್ಬ ಹುಡುಕಿದ್ದೂ ಉಂಟು. ಈ ಟಿಪ್ಪಣಿಗಳನ್ನು ನಮ್ಮ ಕಡೆಯ ಸಂಗೀತದ ಹುಚ್ಚಿನ ಪ್ಲಾಂಟರುಗಳ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಅವರು ನನ್ನ ಮಾತನ್ನು ವೇದವಾಕ್ಯ ಮಾಡಿಕೊಂಡರು. "ಟೇಸ್ಟರ್ ಏನಂತಾರೆ?" ಎಂದು ಕೇಳದೆ ಯಾರೂ ಏನೂ ಕೊಳ್ಳುತ್ತಿರಲಿಲ್ಲ. ನಾಲಿಗೆಗೆ ಇದ್ದ ಮರ್ಯಾದೆ ಕಿವಿಗೂ ಸಿಕ್ಕಿತಲ್ಲ ಎಂದು ನಾನು ಒಂದು ಸುತ್ತು ದಪ್ಪಗೇ ಆಗಿದ್ದೆ.

ಈಗ ಯೂಸುಫ್ ಸಾಬರ ವಿಷಯಕ್ಕೆ ಬರುತ್ತೇನೆ. ಅದನ್ನು ಹೇಳಲಿಕ್ಕೇ ಇಷ್ಟು ಸುತ್ತು ಬಳಸಿದ್ದು.

ಕೊಟ್ಟಿಗೆಹಾರದ ಸರ್ಕಲ್ ಹತ್ತಿರ ಅವರದೊಂದು ರಿಪೇರಿ ಅಂಗಡಿ. ಒಂದು ಕಾಲಕ್ಕೆ ರೇಡಿಯೊ, ಟೇಪ್ ರೆಕಾರ್ಡರ್ ಅಂದರೆ ಘಟ್ಟದ ಮೇಲೆಲ್ಲ ಅವರೇ. ಈಗ ಕಳೆ ಕೊಚ್ಚುವ ಮೆಷಿನ್ನು, ಸ್ಪ್ರೇಯರ್, ಪಂಪಿನ ಮೋಟಾರು. ನನಗಿಂತ ಎರಡು ವರ್ಷ ದೊಡ್ಡವರು, ಮಾತು ಕಡಿಮೆ. ನನ್ನ ಹುಚ್ಚಿನ ಸುದ್ದಿ ಅವರ ಕಿವಿಗೂ ಬಿದ್ದು, ಅವರೂ ಒಂದು ಹೆಡ್‌ಫೋನ್ ಆಂಪ್ಲಿಫೈಯರ್ ಮಾಡಿದರು. ಟ್ರಾನ್ಸ್‌ಫಾರ್ಮರಿನ ತಂತಿಯನ್ನು ಕೈಯಾರೆ ಸುತ್ತಿದ್ದು. ಪೆಟ್ಟಿಗೆ ತೋಟದ ಸಿಲ್ವರ್ ಓಕ್ ಮರದ ಹಲಗೆಯದು, ಗೆರೆಗಳು ಎದ್ದು ಕಾಣುವ ಹಾಗೆ ಪಾಲಿಶ್ ಮಾಡಿದ್ದರು. ಗುಂಪಿನ ಇಬ್ಬರು ಪ್ಲಾಂಟರುಗಳು ನೋಡಿ ಮೆಚ್ಚಿ, "ನಮಗೂ ಒಂದೊಂದು ಮಾಡಿಕೊಡಿ, ಒಮ್ಮೆ ಟೇಸ್ಟರಿಗೆ ತೋರಿಸಿ" ಎಂದರಂತೆ. ಸಾಬರು ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ನಮ್ಮ ಮನೆಗೆ ತಂದರು. ಆ ಇಬ್ಬರೂ ಜೊತೆಗೆ ಬಂದಿದ್ದರು.

ನಾನು ಅದನ್ನು ನನ್ನ ಕಪ್ಪು ಆಂಪಿನ ಪಕ್ಕ ಇಟ್ಟೆ. ಪರದೇಶದ್ದು ಅದು, ನನ್ನ ಮೇಜಿನ ಮೇಲೆ ಎಲ್ಲಕ್ಕಿಂತ ದುಬಾರಿ. ಎರಡಕ್ಕೂ ಒಂದೇ ಡ್ಯಾಕ್, ಒಂದೇ ಹಾಡು, ವಾಲ್ಯೂಮಿನ ಗುಂಡಿಯೂ ಎರಡರಲ್ಲೂ ಸರಿಯಾಗಿ ಅರ್ಧಕ್ಕೆ. ನ್ಯಾಯ ಅಂದರೆ ಇದು ಎಂದುಕೊಂಡೆ. ಕಪ್ಪು ಆಂಪಿನದು ಕೇಳಿದೆ, ಸಾಬರದು ಕೇಳಿದೆ, ಸುಮಿತ್ರಳಿಗೂ ಹಾಕಿ ಕೇಳಿಸಿದೆ. ಆಮೇಲೆ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಒರಗಿಸಿ, ಆ ಇಬ್ಬರಿಗೂ ಕೇಳಿಸುವ ಹಾಗೆ ಹೇಳಿದೆ.

"ಕೆಲಸ ಚೆನ್ನಾಗಿದೆ ಸಾಬ್ರೆ. ಆದರೆ ಜೀವ ಇಲ್ಲ."

ಸಾಬರು ವಾದ ಮಾಡಲಿಲ್ಲ. "ಹೌದಾ" ಎಂದರು. ಪೆಟ್ಟಿಗೆಯನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡರು, ಕಾಫಿ ಕುಡಿದರು, ಹೋದರು. ಪ್ಲಾಂಟರುಗಳಿಬ್ಬರೂ ತಮಗೆ ಬೇಡ ಎಂದು ಮಾರನೇ ದಿನವೇ ಹೇಳಿಕಳಿಸಿದರಂತೆ. ಸಾಬರು ಇನ್ನು ಇಂಥದ್ದು ಮಾಡುವುದಿಲ್ಲ ಎಂದು ಯಾರೋ ಹೇಳಿದಾಗ, ಪಾಪ ಅನ್ನಿಸಿತು. ಆದರೆ ಟೇಸ್ಟರ್ ಆದವನು ದಾಕ್ಷಿಣ್ಯಕ್ಕೆ ಬೀಳಬಾರದು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಒಂದು ತಿಂಗಳು ಕಳೆದಿರಬೇಕು. ಬೆಳಿಗ್ಗೆ ಪೇಪರ್ ಓದುತ್ತ ಕೂತಿದ್ದೆ. ಸುಮಿತ್ರ ಇಟ್ಟ ಕಾಫಿ ಆರಿಹೋಗಿತ್ತು. ಒಂದು ಗುಟುಕು ಕುಡಿದು, ಅವಳ ಕೈಲಿದ್ದ ಲೋಟದ ಬಿಸಿ ಕಾಫಿಯನ್ನೂ ಒಂದು ಗುಟುಕು ಎಳೆದು, "ನಿನ್ನದು ಬೇರೆ ಪುಡಿಯಾ? ನನ್ನದು ಸಪ್ಪೆ" ಎಂದೆ.

"ಒಂದೇ ಪುಡಿ, ಒಂದೇ ಫಿಲ್ಟರ್. ನಿಮ್ಮದು ಆರಿದೆ, ಅಷ್ಟೇ" ಎಂದಳು. ಆಮೇಲೆ ನನ್ನನ್ನೇ ನೋಡಿದಳು. "ಅಲ್ಲ ಮಾರಾಯ್ರೆ, ಬಿಸಿ ಕಪ್ಪಿನ ಪಕ್ಕ ಆರಿದ ಕಪ್ಪು ಇಟ್ಟು ಹೋಲಿಸೋನು ಟೇಸ್ಟರೇ ಅಲ್ಲ ಅಂತ ಜೀವಮಾನ ಇಡೀ ಹೇಳ್ಕೊಂಡು ಬಂದ್ರಿ. ಅವತ್ತು ಯೂಸುಫ್ ಸಾಬ್ರದ್ದು ಸಣ್ಣಗೆ ಕೇಳಿಸ್ತಾ ಇರ್ಲಿಲ್ವಾ?"

"ಎಂತ ಸಣ್ಣಗೆ? ಎರಡಕ್ಕೂ ಗುಂಡಿ ಅರ್ಧಕ್ಕೇ ಇಟ್ಟಿದ್ದೆ."

"ಗುಂಡಿ ಅರ್ಧಕ್ಕೆ ಇತ್ತು. ಹಾಡು ಸಣ್ಣಗಿತ್ತು. ನನಗೇ ಗೊತ್ತಾಯ್ತು, ನಿಮಗೆ ಗೊತ್ತಾಗ್ಲಿಲ್ವಾ?"

ಲೋಟ ಕೆಳಗಿಟ್ಟೆ. ಜೋರಾಗಿ ಕೇಳಿಸಿದ್ದು ಕಿವಿಗೆ ಚೆನ್ನಾಗಿ ಕೇಳಿಸುತ್ತದೆ, ಬಿಸಿಯಾಗಿರುವುದು ನಾಲಿಗೆಗೆ ತುಂಬಿಕೊಂಡಂತೆ ಇರುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ ದಿನ ಹೇಳುವ ಪಾಠ ಇದು. ಎಲ್ಲ ಕಪ್ಪುಗಳೂ ಒಂದೇ ಬಿಸಿಗೆ ಬರುವವರೆಗೆ ಚಮಚ ಮುಟ್ಟಬೇಡಿ ಎಂದು ಎಷ್ಟು ಜನಕ್ಕೆ ಗದರಿದ್ದೇನೋ! ಅದೇ ನಾನು, ಒಂದು ಪೆಟ್ಟಿಗೆಯ ಅರ್ಧವೂ ಇನ್ನೊಂದರ ಅರ್ಧವೂ ಒಂದೇ ಎಂದುಕೊಂಡು, ಒಬ್ಬ ಮನುಷ್ಯನ ಕೆಲಸಕ್ಕೆ ಜೀವ ಇಲ್ಲ ಎಂದು ಜನರ ಮುಂದೆ ಹೇಳಿಬಿಟ್ಟಿದ್ದೆ. ನಾಚಿಕೆಯಾಯಿತು. ಸುಮ್ಮನೆ ಬಾಯಿಮಾತಿಗೆ ಹೇಳುತ್ತಿಲ್ಲ, ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು.

"ಎಲ್ಲಿಗೆ ಹೊರಟ್ರಿ?" ಎಂದಳು ಸುಮಿತ್ರ. ನಾನು ಆಗಲೇ ಚಪ್ಪಲಿ ಹಾಕಿಕೊಂಡಿದ್ದೆ.

ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು ಅಂಗಡಿಗೆ ಹೋದರೆ ಸಾಬರು ಒಂದು ಕಳೆ ಮೆಷಿನ್ನನ್ನು ಬಿಚ್ಚಿ ಹರವಿಕೊಂಡು ಕೂತಿದ್ದರು. ಸಿಲ್ವರ್ ಓಕ್ ಪೆಟ್ಟಿಗೆ ಬೆಂಚಿನ ಕೆಳಗಿತ್ತು, ಅದರ ಮೇಲೆ ಗ್ರೀಸ್ ಡಬ್ಬ. ನಿಂತುಕೊಂಡೇ ಎಲ್ಲ ಹೇಳಿದೆ. ಸಾಬರು ಸ್ಪ್ಯಾನರ್ ಕೆಳಗಿಡದೆ ಕೇಳಿದರು.

"ಸಣ್ಣಗೆ ಕೇಳಿಸ್ತದೆ ಅಂತ ನನಗೆ ಗೊತ್ತಿತ್ತು ಟೇಸ್ಟರ್ ಸಾರ್. ನಾನೇ ಹಂಗೆ ಇಟ್ಟಿದ್ದು" ಎಂದರು.

"ಯಾಕೆ?"

"ಈ ಮೆಷಿನ್ ಹಿಡಿದು ಕಳೆ ಹೊಡೆಯೋರು ಬರ್ತಾರಲ್ಲ ಇಲ್ಲಿ, ಅರ್ಧ ಜನಕ್ಕೆ ನಾನು ಕೂಗಿ ಮಾತಾಡ್ಬೇಕು. ಕಿವಿ ಹೋದ್ರೆ ಅದನ್ನ ರಿಪೇರಿ ಮಾಡೋ ಅಂಗಡಿ ಇಲ್ಲ. ಅರ್ಧದವರೆಗೆ ತಿರುಗಿಸಿದ್ರೂ ಯಾರಿಗೂ ಪೆಟ್ಟಾಗ್ಬಾರ್ದು ಅಂತ ಕಮ್ಮಿ ಇಟ್ಟೆ. ಜೋರು ಬೇಕಾದೋರು ಇನ್ನೂ ಸ್ವಲ್ಪ ತಿರುಗಿಸ್ಕೊಳ್ಳಿ."

"ಅವತ್ತೇ ಹೇಳ್ಬಾರ್ದಿತ್ತಾ?"

"ನೀವು ಕಣ್ಣು ಮುಚ್ಕೊಂಡು ಹೇಳಿದ್ರಿ. ಅಷ್ಟು ದೊಡ್ಡ ಟೇಸ್ಟರ್ ಕಣ್ಣು ಮುಚ್ಚಿ ಹೇಳಿದ ಮೇಲೆ ನಾನು ಎಂತ ಹೇಳೋದು? ನನಗೂ ಹೌದೇನೋ ಅನ್ಸಿಬಿಡ್ತು. ಮನೆಗೆ ಬಂದು ಕೇಳಿದ್ರೆ ನನಗೂ ಜೀವ ಇಲ್ಲದ ಹಾಗೇ ಕೇಳಿಸ್ತು."

ಸರಿಯಾಗಿ ಇನ್ನೊಮ್ಮೆ ಪರೀಕ್ಷೆ ಮಾಡೋಣ, ಕ್ಯೂರಿಂಗ್ ವರ್ಕ್ಸ್‌ನ ಕ್ರಮದಲ್ಲೇ ಮಾಡೋಣ, ಬನ್ನಿ ಎಂದೆ. ಸಾಬರು ತುಂಬ ಹೊತ್ತು ಒಪ್ಪಲಿಲ್ಲ. "ಇನ್ನೊಂದ್ಸಲ ಇಲ್ಲ ಅಂದ್ರೆ?" ಎಂದರು, ನನ್ನ ಮುಖ ನೋಡದೆ. ಕೊನೆಗೆ ಗ್ರೀಸ್ ಡಬ್ಬ ತೆಗೆದು, ಪೆಟ್ಟಿಗೆ ಒರೆಸಿ, ಮಲ್ಟಿಮೀಟರನ್ನು ಚೀಲಕ್ಕೆ ಹಾಕಿಕೊಂಡರು.

ಮಧ್ಯಾಹ್ನ ನಮ್ಮ ಮನೆಯಲ್ಲಿ ನಡೆದ ಪರೀಕ್ಷೆ ಹೀಗೆ. ಸಾಬರು ಎರಡೂ ಆಂಪುಗಳಲ್ಲಿ ಒಂದೇ ಸಮನಾದ ಸ್ವರ ಹಾಕಿ, ಮೀಟರಿನ ಮುಳ್ಳು ಎರಡರಲ್ಲೂ ಒಂದೇ ಕಡೆ ನಿಲ್ಲುವವರೆಗೆ ಗುಂಡಿ ತಿರುಗಿಸಿದರು. ಎರಡು ಕಪ್ಪೂ ಒಂದೇ ಬಿಸಿ. ಆಮೇಲೆ ಪೆಟ್ಟಿಗೆಗಳನ್ನು ಮಲಗುವ ಕೋಣೆಯ ಪರದೆಯ ಹಿಂದಕ್ಕೆ ಸಾಗಿಸಿದೆವು. ಅಲ್ಲಿ ಸುಮಿತ್ರ ವೈರು ಬದಲಿಸುವವಳು. ಪ್ರತಿ ಸುತ್ತಿನಲ್ಲಿ ಮೂರು ಸಲ ವೀಣೆ. ಎರಡು ಸಲ ಒಂದು ಆಂಪು, ಒಂದು ಸಲ ಇನ್ನೊಂದು. ಬೇರೆಯಾಗಿರುವುದು ಯಾವುದು ಎಂದು ನಾನು ಹುಡುಕಬೇಕು. ಕಾಫಿಯಲ್ಲೂ ಹೀಗೇ ಮಾಡುತ್ತಿದ್ದೆವು, ಮೂರು ಕಪ್ಪಿನಲ್ಲಿ ಜೊತೆಯಾಗದ್ದನ್ನು ಹಿಡಿಯಬೇಕು. ಒಟ್ಟು ಆರು ಸುತ್ತು, ಮುಗಿಯುವವರೆಗೆ ಮಾತಿಲ್ಲ.

ಸಾಬರು ನನ್ನೆದುರು ಕುರ್ಚಿಯ ತುದಿಯಲ್ಲಿ ಕೂತಿದ್ದರು, ಕೈಯೆರಡೂ ಮಂಡಿಯ ಮೇಲೆ. ನಾನು ಕೇಳಿದ್ದು ವೀಣೆ, ನೋಡಿದ್ದು ಆ ಕೈಗಳನ್ನು. ಮೊದಲ ಸುತ್ತಿನಲ್ಲಿ ಸುಲಭ ಎಂದುಕೊಂಡು ಎರಡನೆಯದು ಎಂದು ಬರೆದೆ. ಎರಡನೇ ಸುತ್ತಿನಲ್ಲಿ ಪೆನ್ನು ತಡೆಯಿತು. ನಾಲ್ಕನೆಯದಕ್ಕೆ ಬರುವಾಗ ಬೆವರುತ್ತಿದ್ದೆ. ಮೀಟಿದ ಬೆರಳು, ತಂತಿಯ ನಡುಕ, ಅದು ನಿಧಾನವಾಗಿ ಕರಗುವುದು, ಮೂರರಲ್ಲೂ ಅದೇ ವೀಣೆ, ಅದೇ ಕೋಣೆ. ಸುಮಿತ್ರ ಪರದೆ ಸರಿಸಿ ಬಂದು ತನ್ನ ಚೀಟಿಗೂ ನನ್ನ ಚೀಟಿಗೂ ತಾಳೆ ನೋಡಿದಳು. ಆರರಲ್ಲಿ ಎರಡು ಸರಿ. ಕಣ್ಣು ಮುಚ್ಚಿ ಬೆರಳು ಇಟ್ಟರೂ ಅಷ್ಟು ಸರಿ ಬರುತ್ತದೆ.

"ಹಾಗಂದ್ರೆ?" ಎಂದರು ಸಾಬರು.

"ಹಾಗಂದ್ರೆ, ಎರಡೂ ಒಂದೇ ಕಪ್ಪಿನ ಕಾಫಿ" ಎಂದೆ. "ಪರದೇಶದ್ದಕ್ಕೂ ಕೊಟ್ಟಿಗೆಹಾರದ್ದಕ್ಕೂ ನನಗೆ ವ್ಯತ್ಯಾಸ ಸಿಗಲಿಲ್ಲ ಸಾಬ್ರೆ. ನನಗೆ ಸಿಗಲಿಲ್ಲ ಅಂದ್ರೆ ಇಲ್ಲ ಅಂತಲೇ ಲೆಕ್ಕ." ಸೋತವನ ಬಾಯಲ್ಲಿ ಇಷ್ಟು ಜಂಬವಾ ಎಂದು ಸುಮಿತ್ರ ನಕ್ಕಳು. ನಕ್ಕರೆ ನಗಲಿ. ನಮ್ಮ ಘಟ್ಟದ ಮೇಲೆ, ಗ್ರೀಸಿನ ಕೈಯಲ್ಲಿ ಸುತ್ತಿದ ತಂತಿ ಅಂಥ ಕೆಲಸ ಮಾಡಿತ್ತು. ನನ್ನ ಎದೆ ಉಬ್ಬಿತ್ತು.

ಸಾಬರು ನಗಲಿಲ್ಲ. "ಅವತ್ತು ಬಾಯಲ್ಲಿ ಹೇಳಿದ್ರಿ. ಇವತ್ತು ಬರೆದು ಕೊಡಿ" ಎಂದರು.

ಸರಿಯಾದ ಮಾತು. ಟೇಸ್ಟರ್ ಸಹಿ ಹಾಕಿದ ಮೇಲೆಯೇ ರುಚಿ. ಬಿಳಿ ಹಾಳೆಯ ಮೇಲೆ ಗೆರೆ ಎಳೆದು, ಕ್ಯೂರಿಂಗ್ ವರ್ಕ್ಸ್‌ನ ರೀತಿಯಲ್ಲೇ ಬರೆಯತೊಡಗಿದೆ. ಮೈ ತುಂಬು, ಸ್ವಚ್ಛ, ಸಮತೋಲ. ಅಷ್ಟರಲ್ಲಿ ಸಾಬರು ತಮ್ಮ ಪೆಟ್ಟಿಗೆಗೆ ಹೆಡ್‌ಫೋನ್ ಚುಚ್ಚಿ ತಲೆಗೆ ಹಾಕಿಕೊಂಡರು. ಹಾಡು ಹಾಕಲಿಲ್ಲ. ಸುಮ್ಮನೆ ಕೂತು ಕೇಳಿದರು. ನಾನು ದೋಷ ಎಂಬಲ್ಲಿ 'ಇಲ್ಲ' ಎಂದು ಬರೆಯುವಾಗ ಅವರು ಕೈ ಅಡ್ಡ ಇಟ್ಟರು.

"ಇದೆ. ಎಡಗಡೆ ಸಣ್ಣ ಗುಂಯ್ ಇದೆ."

"ಎಂತದೂ ಇಲ್ಲ ಮಾರಾಯ್ರೆ, ಆರು ಸುತ್ತು ಕೇಳಿದ್ದೇನೆ."

"ಹಾಡು ಇರುವಾಗ ಕೇಳಿದ್ರಿ. ನಿಂತ ಮೇಲೆ ಕೇಳಿ."

ಹಾಕಿಕೊಂಡೆ. ಏನೂ ಇಲ್ಲ. ಫ್ಯಾನ್ ಆರಿಸಿದೆ, ಏನೂ ಇಲ್ಲ. ಉಸಿರು ಬಿಗಿಹಿಡಿದು ಮೂರನೇ ಸಲ ಕೇಳಿದೆ. ಇತ್ತು. ತೀರಾ ಸಣ್ಣದು, ಪಕ್ಕದ ತೋಟದಲ್ಲಿ ಎಲ್ಲೋ ಒಂದು ಜೇನು ಹಾರಿದ ಹಾಗೆ. ಉಗಿದ ಮೇಲೆ ಬಾಯಲ್ಲಿ ಉಳಿಯುವುದನ್ನು ಕಾಯಬೇಕು ಎಂದು ಊರಿಗೆಲ್ಲ ಪಾಠ ಮಾಡಿದ ನಾನು, ವೀಣೆ ನಿಂತ ಕೂಡಲೇ ಹೆಡ್‌ಫೋನ್ ತೆಗೆದು ಬರೆಯಲು ಕೂತಿದ್ದೆ. 'ಇಲ್ಲ' ಎಂಬುದನ್ನು ಹೊಡೆದುಹಾಕಿ, 'ಎಡಗಡೆ ಸಣ್ಣ ಗುಂಯ್' ಎಂದು ಬರೆದೆ. ನನ್ನ ವರದಿಯನ್ನು ಇನ್ನೊಬ್ಬರು ತಿದ್ದಿದ್ದು ಅದೇ ಮೊದಲು.

"ಟ್ರಾನ್ಸ್‌ಫಾರ್ಮರ್ ಎಡಗಡೆ ವೈರಿಗೆ ಹತ್ರ ಆಯ್ತು" ಎಂದರು ಸಾಬರು, ಪೆಟ್ಟಿಗೆಯನ್ನು ಎತ್ತಿ ತಿರುಗಿಸಿ ನೋಡುತ್ತ. "ಮುಂದಿನದ್ರಲ್ಲಿ ದೂರ ಕೂರಿಸ್ತೀನಿ."

ಮುಂದಿನದು ಎಂಬ ಮಾತು ಕೇಳಿ ನಾನೂ ಸುಮಿತ್ರಳೂ ಮುಖ ಮುಖ ನೋಡಿಕೊಂಡೆವು. ನಾನು ಸಹಿ ಹಾಕಿ ಹಾಳೆ ಕೊಟ್ಟೆ, ಅವರು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಆಮೇಲೆ ಅವರ ಎದುರಿನಲ್ಲೇ, ಅವತ್ತು ಬಂದಿದ್ದ ಪ್ಲಾಂಟರುಗಳಲ್ಲಿ ಹಿರಿಯವರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಅವತ್ತು ನಾನು ಹೇಳಿದ್ದು ತಪ್ಪು, ತಪ್ಪು ನನ್ನದು, ಪೆಟ್ಟಿಗೆಯದಲ್ಲ ಎಂದೆ.

"ಹಂಗಾದ್ರೆ ಈಗ ಸರಿ ಇದೆಯಾ? ದೋಷ ಏನೂ ಇಲ್ವಾ?" ಎಂದರು ಅವರು.

ಸಾಬರು ನನ್ನನ್ನೇ ನೋಡುತ್ತಿದ್ದರು.

"ಎಡಗಡೆ ಸಣ್ಣದೊಂದು ಗುಂಯ್ ಇದೆ" ಎಂದೆ. "ನನಗೆ ಕೇಳಿಸಿರಲಿಲ್ಲ. ಯೂಸುಫ್ ಸಾಬ್ರಿಗೆ ಕೇಳಿಸ್ತು, ಅವರೇ ಬರೆಸಿದ್ರು."



"ಟೇಸ್ಟರಿಗೆ ಕೇಳಿಸದ್ದು ಅವರಿಗೆ ಕೇಳಿಸ್ತಾ? ಹಂಗಾದ್ರೆ ನನಗೆ ಅವರು ಮಾಡಿದ್ದೇ ಬೇಕು ಮಾರಾಯ್ರೆ."